ಗಡುವು ಧಣಿಯದು, ಜಾಗರಣೆ ದುಡಿಯುವವನದು

ಹೊಸ ಯಂತ್ರ ಬಂದಾಗಲೆಲ್ಲ ಪ್ರಗತಿ ಬಂದಿತೆಂದು ಡಂಗುರ ಸಾರುವವರುಂಟು. ಯಾರ ಪ್ರಗತಿ, ಯಾರ ಖರ್ಚಿನಲ್ಲಿ ಎಂದು ಕೇಳಿದರೆ ಮಾತ್ರ ಅವರ ಬಾಯಿ ಕಟ್ಟುತ್ತದೆ. ಕಂಪ್ಯೂಟರ್ ಜಾಲದ ವಿಚಾರದಲ್ಲಿ ಇಂದು ನಾವು ಈ ಪ್ರಶ್ನೆಯನ್ನೇ ಕೇಳುತ್ತೇವೆ.

ಇದು ನಮಗೇಕೆ ಎನ್ನಬೇಡಿ. ಅಂಗಡಿಯ ಹಣದ ಲೆಕ್ಕವೂ ಕಾರ್ಮಿಕನ ಭವಿಷ್ಯನಿಧಿಯ ಲೆಕ್ಕವೂ ಇಂದು ಕುಳಿತಿರುವುದು ಎಲ್ಲಿಯೋ ಇರುವ ಕಂಪ್ಯೂಟರುಗಳಲ್ಲಿ. ಇಂಥ ಕಡೆಗಳಲ್ಲಿ ಒಂದು ಕಬ್ಬಿಣದ ಯಂತ್ರದೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ವಠಾರದ ಸಂಸಾರಗಳಂತೆ ವಾಸಿಸುತ್ತವೆ. ಅವನ್ನು ಹೊತ್ತ ಯಂತ್ರಕ್ಕೆ ಹೋಸ್ಟ್ ಎಂದು ಹೆಸರು. ಸಂಸಾರಗಳ ನಡುವಿನ ದಾರಿ, ಗೋಡೆ, ಬಾಗಿಲುಗಳನ್ನೂ ಈಗ ತಂತ್ರಾಂಶದಲ್ಲಿಯೇ ಕಟ್ಟುತ್ತಾರೆ.

ವಿಎಂವೇರ್ ಎಂಬ ಅಮೆರಿಕದ ಕಂಪೆನಿ 2012ರಲ್ಲಿ ನಿಸಿರಾ ಎಂಬ ಸಂಸ್ಥೆಯನ್ನು ಕೊಂಡು, ಮರುವರ್ಷ ಎನ್‌ಎಸ್‌ಎಕ್ಸ್ ಎಂಬ ಜಾಲವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಗಿರಾಕಿಗಳು ನಂಬಿ ಕೊಂಡರು. ಬಳಿಕ ಅದೇ ಕಂಪೆನಿ ಎನ್‌ಎಸ್‌ಎಕ್ಸ್-ಟಿ ಎಂಬ ಇನ್ನೊಂದನ್ನು ತಂದು, ಹಳೆಯ ಎನ್‌ಎಸ್‌ಎಕ್ಸ್-ವಿಗೆ 2022ರ ಜನವರಿ 16ರ ಬಳಿಕ ಸಾಮಾನ್ಯ ಬೆಂಬಲವಿಲ್ಲವೆಂದು ಸಾರಿತು. ಗಡುವು ಇಟ್ಟವರು ಅವರು; ಗಂಟುಮೂಟೆ ಕಟ್ಟಬೇಕಾದವರು ಕೊಂಡವರು.

ಕಟ್ಟುವುದೆಂದರೆ ಸುಲಭವೆ? ಒಂದು ಹೋಸ್ಟಿನ ಮೇಲಿನ ಯಂತ್ರಗಳನ್ನೆಲ್ಲ, ನಡೆಯುತ್ತಿರುವಂತೆಯೇ, ಬೇರೆ ಹೋಸ್ಟಿಗೆ ಸಾಗಿಸಬೇಕು. ಬರಿದಾದ ಹೋಸ್ಟಿನಿಂದ ಹಳೆಯ ಕೊಂಡಿಗಳನ್ನು ಕಿತ್ತು ಹೊಸವನ್ನು ಹೂಡಬೇಕು. ಪರೀಕ್ಷಿಸಿ ಮತ್ತೆ ತುಂಬಬೇಕು, ಆಮೇಲೆ ಮುಂದಿನದು. ಹಳೆಯದು ಮಾಹಿತಿಯ ಪೊಟ್ಟಣವನ್ನು ವಿಎಕ್ಸ್‌ಲ್ಯಾನ್ ಎಂಬ ರೀತಿಯಲ್ಲಿ ಸುತ್ತುತ್ತಿತ್ತು. ಹೊಸದು ಸುತ್ತುವುದು ಜೆನೀವ್ ಎಂಬ ರೀತಿಯಲ್ಲಿ. ರಕ್ಷಣೆಯ ಒಂದು ನಿಯಮ ತಪ್ಪಿ ಬಿದ್ದರೆ ತೆರೆದಿರಬೇಕಾದ ಬಾಗಿಲು ಮುಚ್ಚೀತು, ಮುಚ್ಚಿರಬೇಕಾದದ್ದು ತೆರೆದೀತು. ಗಿರಣಿಯಲ್ಲಿ ನೂಲು ಕಡಿಯದಂತೆ ಮಗ್ಗಗಳನ್ನೆಲ್ಲ ಬದಲಿಸಿರೆಂದು ಹೇಳಿದ ಹಾಗಾಯಿತು! ವ್ಯವಹಾರ ತಗ್ಗಿದ ರಾತ್ರಿಯ ಹೊತ್ತೇ ಇದಕ್ಕೆ ತಕ್ಕ ಹೊತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವನು ಸಂಬಳದ ನೌಕರ. ಅವನ ಜಾಗರಣೆಯ ಕೂಲಿಯನ್ನು ಗಡುವು ಇಟ್ಟ ಧಣಿ ತೆರುವುದಿಲ್ಲ.

ಹೊಸದರಲ್ಲಿ ಗುಣವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಬೇರೆಯವರ ಕೆವಿಎಂ ಹೋಸ್ಟುಗಳಿಗೂ ಅದು ಹೊಂದುತ್ತಿತ್ತು. ಆದರೆ 2022ರಲ್ಲಿ ಬಂದ 4.0 ಆವೃತ್ತಿಯಲ್ಲಿ ಆ ಬಾಗಿಲನ್ನೂ ಮುಚ್ಚಿದರು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪೆನಿ ವಿಎಂವೇರನ್ನೇ ನುಂಗಿತು. ಡಿಸೆಂಬರಿನಲ್ಲಿ ಶಾಶ್ವತ ಪರವಾನಗಿಯ ಮಾರಾಟವನ್ನು ನಿಲ್ಲಿಸಿತು. ಇನ್ನು ಚಂದಾ ಮಾತ್ರ. ವ್ಯಾಪಾರಿ ಮಿತ್ರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಮಳಿಗೆ ಕ್ರಯಕ್ಕಿಲ್ಲ, ಬಾಡಿಗೆಗುಂಟು, ಬಾಡಿಗೆ ಎಷ್ಟೆಂದು ಧಣಿಯನ್ನೇ ಕೇಳಬೇಕು.

ಬೇರೆ ದಾರಿಯಿಲ್ಲವೆಂಬುದು ಸುಳ್ಳು. ಅದೇ ನಿಸಿರಾದ ಎಂಜಿನಿಯರುಗಳು ಕಟ್ಟಲಾರಂಭಿಸಿದ ಓಪನ್ ವಿಸ್ವಿಚ್ ಇಂದಿಗೂ ಎಲ್ಲರಿಗೂ ಮುಕ್ತವಾಗಿದೆ. ಜೆನೀವ್ 2020ರಲ್ಲಿ ಸಾರ್ವಜನಿಕ ಪ್ರಮಾಣವಾಗಿ ಪ್ರಕಟವಾಗಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಜನರ ಹಣದಿಂದ ನಡೆಯುವ ಸಂಸ್ಥೆಗಳು ಮುಕ್ತ ತಂತ್ರಾಂಶವನ್ನು ಮೊದಲು ಪರಿಶೀಲಿಸಲಿ. ಹೊರಬರುವ ದಾರಿಯನ್ನು ಬರೆದುಕೊಳ್ಳದೆ ಯಾವ ಕರಾರಿಗೂ ರುಜು ಹಾಕದಿರಲಿ. ರಾತ್ರಿಯ ದುಡಿಮೆಗೆ ಹೆಚ್ಚಿನ ಕೂಲಿಯೂ ಮರುದಿನದ ವಿಶ್ರಾಂತಿಯೂ ಹಕ್ಕಾಗಲಿ. ಬೀಗ ನಮ್ಮ ಮನೆಯದಾಗಿ ಬೀಗದ ಕೈ ಧಣಿಯ ಸೊಂಟದಲ್ಲಿರುವ ತನಕ ಯಾವ ಹೊಸ ಮನೆಯೂ ನಮ್ಮದಾಗದು.