ತರಬೇತಿ ಮೈದಾನದ ಸೊಳ್ಳೆಗಳು

ದಕ್ಷಿಣ ಕೊರಿಯಾದಿಂದ 1970ರ ದಶಕದ ಕೊನೆಗೆ ಕಣ್ಮರೆಯಾಗಿದ್ದ ವೈವಾಕ್ಸ್ ಮಲೇರಿಯಾ 1993ರಲ್ಲಿ ಉತ್ತರದ ಗಡಿಯ ಸೇನಾಮುಕ್ತ ವಲಯದ ಸಮೀಪ ಸೇವೆಯಲ್ಲಿದ್ದ ಸೈನಿಕನೊಬ್ಬನಲ್ಲಿ ಮತ್ತೆ ಕಾಣಿಸಿಕೊಂಡಿತು. ಅಲ್ಲಿನ ತರಬೇತಿ ಮೈದಾನಗಳಲ್ಲಿ ಸೊಳ್ಳೆ ಹಿಡಿದು ಎಣಿಸುವ ಕೆಲಸವು ಕವಾಯತಿನಷ್ಟೇ ಅಗತ್ಯವಾದುದು. ಭತ್ತದ ಗದ್ದೆಗಳ ನಿಂತ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆ ಕತ್ತಲಾದ ಮೇಲೆ ಕಚ್ಚುತ್ತದೆ. ಅಭ್ಯಾಸಕ್ಕೆಂದು ಬಯಲಲ್ಲಿ ರಾತ್ರಿ ಕಳೆಯುವವರಿಗೆ ಕಿಟಕಿಯ ಜಾಲರಿಯ ಆಸರೆಯೂ ಇರುವುದಿಲ್ಲ.

ಈ ರೋಗದ ಪರಾವಲಂಬಿ, ಎಂದರೆ ಮತ್ತೊಂದು ಜೀವಿಯ ದೇಹವನ್ನೇ ನೆಚ್ಚಿ ಬದುಕುವ ಸೂಕ್ಷ್ಮಜೀವಿ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿರಬಲ್ಲದು. ಬೇಸಿಗೆಯಲ್ಲಿ ಕಚ್ಚಿಸಿಕೊಂಡವನಿಗೆ ಮರುವರ್ಷ, ಆತ ಊರು ಸೇರಿದ ಮೇಲೆ, ಚಳಿಜ್ವರ ಬರಬಹುದಾದ್ದರಿಂದ, ರೋಗಿಗಳ ಎಣಿಕೆಯೊಂದನ್ನೇ ನಂಬಿದ ಆಡಳಿತಕ್ಕೆ ಅಪಾಯದ ಸುಳಿವು ತೀರ ತಡವಾಗಿ ಸಿಗುತ್ತದೆ. ಆದ್ದರಿಂದಲೇ ಬೆಳಕಿನ ಬಲೆ ಬೇಕು: ಅದರ ಪುಟ್ಟ ದೀಪಕ್ಕೆ ಮುತ್ತಿದ ಸೊಳ್ಳೆಗಳನ್ನು ಕೆಳಗಿನ ಫ್ಯಾನು ಡಬ್ಬಿಯೊಳಕ್ಕೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ರೆಕ್ಕೆಯ ಮಚ್ಚೆಗಳನ್ನು ನೋಡಿ ಜಾತಿ ಗುರುತಿಸುತ್ತಾರಾದರೂ, ಅಲ್ಲಿನ ಅನಾಫಿಲಿಸ್‌ನ ಕೆಲವು ಸೋದರ ಜಾತಿಗಳು ಅವಳಿಗಳಂತಿರುವುದರಿಂದ ಡಿಎನ್‌ಎ ಪರೀಕ್ಷೆ ಅನಿವಾರ್ಯ. ಮಿದುಳುಜ್ವರ ಹರಡುವ ಕ್ಯೂಲೆಕ್ಸ್ ಕೂಡ ಇದೇ ಬಲೆಗೆ ಬೀಳುತ್ತದೆ.

ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ 1883ರಷ್ಟು ಹಿಂದೆಯೇ, ತಮ್ಮ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ಅದನ್ನು ಬರಿದು ಮಾಡಿ ಕಾಟ ತಗ್ಗಿಸಿದ್ದರು. ಎಲ್ಲಿ ಹುಟ್ಟುತ್ತವೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ. ಬಲೆಯ ಲೆಕ್ಕ ವಾರ್ಷಿಕ ವರದಿಗಾಗಿ ಕಾಯದೆ ಅದೇ ವಾರ ದಳಪತಿಯ ಕೈ ಸೇರಬೇಕು. ಸೊಳ್ಳೆ ಹೆಚ್ಚಿದ ಮೈದಾನದಲ್ಲಿ ರಾತ್ರಿಯ ಅಭ್ಯಾಸವನ್ನು ಮುಂದೂಡುವ ಅಧಿಕಾರವೂ ಅವರಿಗಿರಬೇಕು.