ಹಿಮದಲ್ಲಿ ನಿಂತ ಮೋಟಾರು

ನಮ್ಮ ನಾಡಿನ ಚಳಿಯು ಧನುರ್ಮಾಸದ ಬೆಳಗಿಗೆ ಒಂದು ಶಾಲನ್ನು ಬೇಡುವಷ್ಟರದು. ಆದರೂ ರಜಾಕಾಲದಲ್ಲಿ ಮಕ್ಕಳುಮರಿಗಳೊಡನೆ ಶಿಮ್ಲಾ, ಮನಾಲಿಗಳಿಗೆ ಹೋಗಿ ಹಿಮವನ್ನು ಕಂಡುಬರುವ ಪರಿಪಾಠವು ಕನ್ನಡದ ಸಂಸಾರಗಳಲ್ಲಿಯೂ ಬೇರೂರಿರುವುದರಿಂದ, ದಾರಿಯಲ್ಲಿ ವಾಹನವು ಹಿಮದಲ್ಲಿ ಸಿಕ್ಕಿಕೊಂಡರೆ ಮಾಡತಕ್ಕದ್ದೇನೆಂಬುದನ್ನು ಗೃಹಸ್ಥರು ಮೊದಲೇ ಅರಿತಿರುವುದು ಲೇಸು. 2024ನೆಯ ಡಿಸೆಂಬರಿನಲ್ಲಿ ಮನಾಲಿಯ ಮೇಲ್ಗಡೆ, ಅಟಲ್ ಸುರಂಗದ ದಾರಿಯಲ್ಲಿ, ಸುಮಾರು ಸಾವಿರ ವಾಹನಗಳು ಹೀಗೆ ಗಂಟೆಗಟ್ಟಲೆ ನಿಂತುಹೋದುವು. ಅಲ್ಲಿನವರನ್ನು ಪೊಲೀಸರು ಪಾರುಗಾಣಿಸಿದರು.

ಪಾಕಿಸ್ತಾನದ ಮರೀ ಎಂಬ ಗಿರಿಧಾಮಕ್ಕೆ ಹೋದವರಿಗೆ ಆ ಭಾಗ್ಯವಿರಲಿಲ್ಲ. 2022ನೆಯ ಜನವರಿ 7ರ ರಾತ್ರಿ ಅಲ್ಲಿ ಹಿಮಬಿರುಗಾಳಿಗೆ ಸಿಕ್ಕಿದ ಸಾವಿರಾರು ವಾಹನಗಳಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಜನರು, ಎಳೆಯ ಮಕ್ಕಳೂ ಸೇರಿ, ಕುಳಿತಲ್ಲಿಯೇ ಪ್ರಾಣಬಿಟ್ಟರು. ಅವರಲ್ಲಿ ಹಲವರನ್ನು ಕೊಂದುದು ವಿಷವಾಯುವೆಂದು ಅಧಿಕಾರಿಗಳು ತಿಳಿಸಿದರು.

ಇದು ಆಗುವ ಬಗೆಯನ್ನು ನೋಡಿರಿ. ಬೆಚ್ಚಗಿರಲೆಂದು ಗಾಜುಗಳನ್ನೆಲ್ಲ ಏರಿಸಿ ಯಂತ್ರವನ್ನು ನಡೆಯಿಸುತ್ತಾರೆ. ಹೊರಗೆ ಹಿಮವು ಬೆಳೆಯುತ್ತ ಬಂದು ಹಿಂಬದಿಯ ಹೊಗೆಕೊಳವೆಯನ್ನು ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ಹೊಗೆಯು ಗಾಡಿಯ ಅಡಿಯಲ್ಲಿ ತುಂಬಿ, ಸಂದುಗಳಿಂದ ಒಳಕ್ಕೆ ನುಸುಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುದ್ರವ್ಯಕ್ಕೆ ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದು. ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಸಾವು ಸಂಭವಿಸಿತೆಂದು ಆಗಾಗ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅಲ್ಲಿಯೂ ಇದೇ ಅನಿಲ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟಾಗ ಕಿಟಕಿಯನ್ನು ತುಸು ತೆರೆದಿಡೆಂದು ಗದರುತ್ತಿದ್ದ ಅಜ್ಜಿಯರಿಗೆ ಅದರ ಹೆಸರು ತಿಳಿಯದಿದ್ದರೂ ಗುಣವು ತಿಳಿದಿತ್ತು. ತಲೆನೋವು, ಓಕರಿಕೆ, ಜೋಂಪು, ಇವು ಮೊದಲ ಲಕ್ಷಣಗಳು. ಬೆಟ್ಟದ ಎತ್ತರದಿಂದಲೂ ಪ್ರಯಾಣದ ಆಯಾಸದಿಂದಲೂ ಇವೇ ಆಗುವುದರಿಂದ ಜನರು ಮೋಸಹೋಗುತ್ತಾರೆ. ಗಾಡಿಯೊಳಗೆ ಇಬ್ಬರು ಮೂವರು ಒಟ್ಟಿಗೇ ತಲೆನೋವೆಂದರೆ ಆಲೋಚಿಸುತ್ತ ಕೂರದೆ ಯಂತ್ರವನ್ನು ನಿಲ್ಲಿಸಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗಾಳಿಗೆ ತರತಕ್ಕದ್ದು.

ಹಾಗಾದರೆ ಯಂತ್ರವನ್ನು ಮುಟ್ಟಲೇಬಾರದೋ? ಮುಟ್ಟಬಹುದು; ಗಂಟೆಗೆ ಹತ್ತು ನಿಮಿಷ ಸಾಕು. ಪ್ರತಿ ಸಲವೂ ಮೊದಲು ಒಬ್ಬರು ಇಳಿದು ಹೊಗೆಕೊಳವೆಯ ಸುತ್ತಣ ಹಿಮವನ್ನು ತೆಗೆಯಬೇಕು. ಗಾಳಿ ಬೀಸದ ಮಗ್ಗುಲಿನ ಗಾಜನ್ನು ಬೆರಳಗಲ ಇಳಿಸಬೇಕು. ಹೀಗೆ ಮಿತವಾಗಿ ಬಳಸಿದರೆ ಅರ್ಧ ಟ್ಯಾಂಕು ಪೆಟ್ರೋಲು ಒಂದೆರಡು ದಿನಕ್ಕೆ ಧಾರಾಳವಾಗಿ ಬರುವುದು. ಒಳಗೆ ಸ್ಟವ್ವನ್ನಾಗಲಿ ಕೆಂಡವನ್ನಾಗಲಿ ಇಡಲೇಕೂಡದು. ವಿದ್ಯುತ್ತಿನ ಕಾರುಗಳಿಗೆ ಹೊಗೆಯೇ ಇಲ್ಲದಿರುವುದರಿಂದ ಈ ಭಯವಿಲ್ಲ.

ಉಳಿದ ಐವತ್ತು ನಿಮಿಷಕ್ಕೆ ನಮ್ಮ ದೇಹವೇ ಒಲೆ. ಸುಮ್ಮನೆ ಕುಳಿತ ಮನುಷ್ಯನೊಬ್ಬನ ಮೈಯಿಂದ ಹಳೆಯ ಕಾಲದ 100 ವಾಟಿನ ಬಲ್ಬಿನಷ್ಟು ಶಾಖವು ಹೊರಡುತ್ತದೆ. ನಾಲ್ವರು ಒತ್ತಾಗಿ ಕುಳಿತರೆ ಅದು ಅಲಕ್ಷ್ಯಮಾಡತಕ್ಕ ಮೊತ್ತವಲ್ಲ. ಅದನ್ನು ಹೋಗಗೊಡದಿರುವುದೇ ಕೆಲಸ. ಒದ್ದೆಯಾದ ಕಾಲುಚೀಲವನ್ನು ಕೂಡಲೇ ತೆಗೆಯಿರಿ. ಒಂದು ದಪ್ಪ ಕೋಟಿಗಿಂತ ಮೂರು ತೆಳುವಾದ ಉಡುಪುಗಳು ಮೇಲು, ಏಕೆಂದರೆ ಪದರಗಳ ನಡುವೆ ನಿಂತ ಗಾಳಿಯೇ ಮೈಯನ್ನು ಕಾಯುವುದು. ಇದೇ ಕಾರಣದಿಂದ ಅಂಗಿಯೊಳಗೆ ಮಡಿಸಿ ಸೇರಿಸಿದ ಹಳೆಯ ವೃತ್ತಪತ್ರಿಕೆಯೂ, ಕಾಲಡಿಯ ಚಾಪೆಯೂ ಉಪಯೋಗಕ್ಕೆ ಬರುತ್ತವೆ. ಮಕ್ಕಳನ್ನು ನಡುವೆ ಕೂರಿಸಿ ತಲೆಗೆ ಕುಲಾವಿ ಹಾಕಿರಿ. ಕೈಕಾಲುಗಳನ್ನು ಆಗಾಗ ಆಡಿಸುತ್ತಿರಬೇಕು; ಎಲ್ಲರೂ ಏಕಕಾಲಕ್ಕೆ ನಿದ್ರಿಸಬಾರದು. ಮದ್ಯದಿಂದ ಬೆಚ್ಚಗಾಗುವುದೆಂಬ ಮಾತು ಸುಳ್ಳು. ಅದು ರಕ್ತವನ್ನು ಚರ್ಮದ ಕಡೆಗೆ ಎಳೆದು ಒಳಗಿನ ಶಾಖವನ್ನು ಹೊರಚೆಲ್ಲಿಸುತ್ತದೆ. ಬಾಯಾರಿದರೂ ಹಿಮವನ್ನು ಹಾಗೆಯೇ ತಿನ್ನದೆ ಕರಗಿಸಿ ಕುಡಿಯಿರಿ.

ಬಿರುಗಾಳಿಯಲ್ಲಿ ಸಹಾಯವನ್ನು ಹುಡುಕಿ ನಡೆದುಹೋಗುವುದು ಅವಿವೇಕ. ಹತ್ತು ಮಾರು ದೂರದಲ್ಲಿಯೇ ದಿಕ್ಕು ತಪ್ಪುವುದುಂಟು. ಗಾಡಿಯಲ್ಲಿಯೇ ಇದ್ದು, ಎತ್ತರಕ್ಕೆ ಒಂದು ಕೆಂಪು ಬಟ್ಟೆಯನ್ನು ಕಟ್ಟಿದರೆ ಹುಡುಕುವವರಿಗೆ ಕಾಣಿಸುವುದು.

ಹೊರಡುವ ಮುನ್ನ ಎರಡು ಕಂಬಳಿ, ಒಂದು ಟಾರ್ಚು, ಕುಡಿಯುವ ನೀರು, ಕಡಲೆಬೀಜ, ಬೆಲ್ಲ, ಹಿಮ ತೆಗೆಯಲು ಒಂದು ಚಿಕ್ಕ ಸಲಿಕೆ, ಇವು ಗಾಡಿಯಲ್ಲಿರಲಿ. ಬಾಡಿಗೆಯ ಗಾಡಿಯಾದರೆ ಸಲಿಕೆಯನ್ನು ಚಾಲಕನಿಂದಲೇ ಕೇಳಿ ಪಡೆಯಬಹುದು.