ತೊಂಬತ್ತು ಪರ್ಸೆಂಟು ಅಂದ್ರೆ ಏನು ಸ್ವಾಮಿ?

"ನಮ್ಮ ಎಐ ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಅಂತ ಶೇ. 90ರಷ್ಟು ಕರಾರುವಾಕ್ಕಾಗಿ ಹೇಳುತ್ತೆ" ಅಂತ ಯಾರಾದ್ರೂ ಸ್ಲೈಡ್ ತೋರಿಸಿದ್ರೆ ನನಗೆ ಮೈ ಉರಿಯುತ್ತೆ. ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯೋನು, ಇಂಥ ಸ್ಲೈಡುಗಳು ಹೇಗೆ ಹುಟ್ತವೆ ಅಂತ ಗೊತ್ತು.

ದೊಡ್ಡಕರುಳಿನ ಕ್ಯಾನ್ಸರನ್ನೇ ತಗೊಳ್ಳಿ. ಗಡ್ಡೆ ಕರುಳಿನ ಒಳಪೊರೆ ದಾಟಿ ಅದರ ಕೆಳಗಿನ ಪದರಕ್ಕಷ್ಟೇ ಇಳಿದಿದ್ರೆ ಅದು ಟಿ1. ಈ ಹಂತದ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಮಾತ್ರ ರೋಗ ಪಕ್ಕದ ದುಗ್ಧಗ್ರಂಥಿಗಳಿಗೆ ಹೋಗಿರುತ್ತೆ. ಅಂದ್ಮೇಲೆ ಏನನ್ನೂ ನೋಡದೆ, ಬಂದವರಿಗೆಲ್ಲ "ಹರಡಿಲ್ಲ, ಹೋಗಿ" ಅನ್ನೋ ಒಂದು ಸಾಲಿನ ಪ್ರೋಗ್ರಾಂ ಬರೆದ್ರೂ ಅದು ಶೇ. 90 ಸರಿ! ನಮ್ಮೂರ ಕಣಿ ಹೇಳುವವಳು ಕೂಡ ಇದಕ್ಕಿಂತ ಜಾಸ್ತಿ ಕಷ್ಟಪಡ್ತಾಳೆ. ಕೈತಪ್ಪಿದ ಆ ಹತ್ತು ಜನ ಮಾತ್ರ ಸ್ಲೈಡಿನಲ್ಲಿ ಕಾಣಲ್ಲ.

ಹಾಗಂತ ಈಗಿನ ಪದ್ಧತಿ ಚೆನ್ನಾಗಿದೆ ಅಂತಲ್ಲ. ಎಂಡೋಸ್ಕೋಪಿಯಲ್ಲಿ ಗಡ್ಡೆ ತೆಗೆದ ಮೇಲೆ ಪೆಥಾಲಜಿಸ್ಟ್ ಕೆಲವು ಗುರುತು ಹುಡುಕ್ತಾರೆ: ಜೀವಕೋಶ ಎಷ್ಟು ಕೆಟ್ಟಿದೆ, ರಕ್ತನಾಳ ಅಥವಾ ದುಗ್ಧನಾಳದೊಳಗೆ ನುಗ್ಗಿದೆಯಾ, ಗಡ್ಡೆಯ ಅಂಚಿನಿಂದ ಮೊಗ್ಗಿನ ಹಾಗೆ ಕೋಶಗಳು ಚದುರಿವೆಯಾ, 1000 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರ್, ಆಳಕ್ಕೆ ಇಳಿದಿದೆಯಾ. ಜಪಾನಿನ ಮಾರ್ಗಸೂಚಿ ಪ್ರಕಾರ ಒಂದಿದ್ರೂ ಕರುಳಿನ ಆಪರೇಶನ್ ಬಗ್ಗೆ ಯೋಚಿಸಬೇಕು. ಹಾಗೆ ಕೊಯ್ಸಿಕೊಂಡ ಬಹುಪಾಲು ಜನರ ಗ್ರಂಥಿಗಳಲ್ಲಿ ಏನೂ ಸಿಗಲ್ಲ. ಗಡ್ಡೆ ಗುದನಾಳದ ಕೆಳಭಾಗದಲ್ಲಿದ್ರೆ ಜೀವನಪೂರ್ತಿ ಹೊಟ್ಟೆಗೆ ಚೀಲ ಅಂಟಿಸ್ಕೊಂಡು ಇರಬೇಕಾಗಬಹುದು. ಬೆಳಗಾದ್ರೆ ಗದ್ದೆ ಕೆಸರಿಗೆ ಇಳಿಯೋ ಮನುಷ್ಯನಿಗೆ ಆ ಚೀಲ ಅಂದ್ರೇನು ಅಂತ ಏಸಿ ರೂಮಿನಲ್ಲಿ ಕೂತು ಹೇಳೋದು ಕಷ್ಟ. 2022ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಆಳವೊಂದೇ ಕೆಟ್ಟ ಗುರುತಾಗಿದ್ದವರಲ್ಲಿ ಹರಡಿದ್ದು ಶೇ. 2.6 ಜನಕ್ಕೆ ಮಾತ್ರ. ಒಂದು ಮಿಲಿಮೀಟರಿನ ಗೆರೆಗೆ ಎಷ್ಟು ಕರುಳು ಹೋದವೋ!

ಲೆಕ್ಕ ಬೇಕಾಗಿರೋದು ಇಲ್ಲಿ. ಜಪಾನಿನವರು 2021ರಲ್ಲಿ ಆರು ಆಸ್ಪತ್ರೆಗಳ 3134 ರೋಗಿಗಳ ಮಾಹಿತಿ ಇಟ್ಟುಕೊಂಡು ಒಂದು ನ್ಯೂರಲ್ ನೆಟ್‌ವರ್ಕ್ ಪ್ರಕಟಿಸಿದ್ರು. ಹರಡಿದವನೊಬ್ಬ, ಹರಡದವನೊಬ್ಬ, ಇಬ್ಬರನ್ನ ಮುಂದೆ ನಿಲ್ಲಿಸಿದ್ರೆ ಯಾರಿಗೆ ಅಪಾಯ ಜಾಸ್ತಿ ಅಂತ ನೂರಕ್ಕೆ 83 ಸಲ ಸರಿಯಾಗಿ ಹೇಳ್ತು. ಮಾರ್ಗಸೂಚಿ 73 ಸಲ. ಮರ್ಯಾದಸ್ಥ ಲೆಕ್ಕ. ಆದ್ರೆ ಅದಕ್ಕೆ ಉಣಿಸಿದ್ದೇನು? ವಯಸ್ಸು, ಲಿಂಗ, ಗಡ್ಡೆಯ ಗಾತ್ರ, ಜಾಗ, ಜೊತೆಗೆ ಪೆಥಾಲಜಿಸ್ಟ್ ಕಣ್ಣಿಟ್ಟು ನೋಡಿ ಬರೆದ ಆ ಗುರುತುಗಳಲ್ಲಿ ಕೆಲವು. ಜಾದೂ ಏನಿಲ್ಲ.

ಗಡ್ಡೆಯನ್ನ ಚೂರುಚೂರು ಮಾಡಿ ಫಾರ್ಮಲಿನ್ ಡಬ್ಬಿಗೆ ಹಾಕಿದ್ರೆ ಆಳ ಅಳೆಯೋದು ಹೇಗೆ? "ಅಡಿನೋಕಾರ್ಸಿನೋಮ" ಅಂತ ಒಂದೇ ಪದದ ರಿಪೋರ್ಟ್ ಬಂದ್ರೆ ಮಾಡೆಲ್ಲಿಗೆ ಏನು ತಿನ್ನಿಸ್ತೀರಿ? ಇನ್ನು ನಮ್ಮ ಕಡೆ ಮಲದಲ್ಲಿ ರಕ್ತ ಕಂಡ್ರೆ "ಮೂಲವ್ಯಾಧಿ, ಉಷ್ಣ ಆಗಿದೆ" ಅಂತ ವರ್ಷಗಟ್ಟಲೆ ಮುಲಾಮು ಹಚ್ತಾರೆ. ಸರ್ಕಾರದ ಕ್ಯಾನ್ಸರ್ ತಪಾಸಣೆ ಇರೋದು ಬಾಯಿ, ಸ್ತನ, ಗರ್ಭಕಂಠಕ್ಕೆ, ಕರುಳಿಗಿಲ್ಲ. ಟಿ1 ಸಿಕ್ಕಬೇಕಲ್ಲ ಮೊದಲು?

ಹಾಗಾಗಿ ಸ್ಲೈಡ್ ತರೋ ಗೆಳೆಯರಿಗೆ ಮೂರೇ ಪ್ರಶ್ನೆ. ಹರಡಿದ್ದವರಲ್ಲಿ ಎಷ್ಟು ಜನರನ್ನ ಹಿಡಿದ್ರಿ? ಎಷ್ಟು ಜನರ ಕರುಳು ಉಳಿಸಿದ್ರಿ? ನೀವು ಕಲಿಸಿದ ಆಸ್ಪತ್ರೆ ಬಿಟ್ಟು ಬೇರೆ ಕಡೆ ಪರೀಕ್ಷೆ ಮಾಡಿದ್ದೀರಾ? ಉತ್ತರ ಇಲ್ಲ ಅಂದ್ರೆ ಲ್ಯಾಪ್‌ಟಾಪ್ ಮುಚ್ಚಿ, ಟೀ ಕುಡಿಯೋಣ. ಆಮೇಲೆ ಬೇಕಾದ್ರೆ ಜಿಲ್ಲಾ ಲ್ಯಾಬುಗಳಿಗೆ ಆ ಗುರುತುಗಳನ್ನ ಬಿಡದೆ ತುಂಬಿಸೋ ಒಂದು ಸಾದಾ ಫಾರಂ ಬರೆದುಕೊಡಿ. ಒಂದು ವಾರದ ಕೆಲಸ, ಜಿಪಿಯುನೂ ಬೇಡ.